ವೈಧವ್ಯದ ನೆರವು: ಸುಧಾರಣೆಯ ಬೆಲೆ ತೆರುವವರು ಯಾರು?



ರೋಗ, ಔಷಧ, ಪಥ್ಯಗಳನ್ನು ಕುರಿತು ವೈದ್ಯರು ಮಾತನಾಡಿದರೆ ಯಾರಿಗೂ ಆಶ್ಚರ್ಯವಾಗದು. ಸರ್ಕಾರದ ಸಹಾಯಧನದ ಲೆಕ್ಕವನ್ನು ಹಿಡಿದು ನಾವು ತಮ್ಮ ಮುಂದೆ ನಿಂತಿರುವುದಕ್ಕೆ ಮಾತ್ರ ಕಾರಣ ಹೇಳಬೇಕಾಗುತ್ತದೆ. ನಾಡಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ, ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ತರಬೇತಿ ಪಡೆದು, ಇಲ್ಲಿಯೇ ನೆಲೆನಿಂತ ನಮ್ಮಂಥವರ ಕೆಲಸಗಳಲ್ಲಿ ಮರಣದ ಕಾರಣವನ್ನು ನಮೂದಿಸುವ ಪ್ರಮಾಣಪತ್ರಕ್ಕೆ ಸಹಿ ಹಾಕುವುದೂ ಒಂದು. ಆ ಸಹಿಯೊಂದಿಗೆ ರೋಗಿಯ ಕಡತ ಮುಚ್ಚುತ್ತದೆ. ಆದರೆ ಉಳಿದವರು ಮತ್ತೆ ಮತ್ತೆ ವೈದ್ಯರ ಬಳಿಗೆ ಬರುತ್ತಾರೆ. ನಿದ್ರೆ ಬರುತ್ತಿಲ್ಲವೆಂದು, ಎದೆ ಹಿಡಿದಂತಾಗುತ್ತದೆಂದು, ಮಗು ಶಾಲೆಗೆ ಹೋಗಲೊಲ್ಲದೆಂದು. ಇವರ ದೂರುಗಳಲ್ಲಿ ಎಷ್ಟು ಭಾಗ ದುಃಖದ್ದು, ಎಷ್ಟು ಭಾಗ ಮನೆ ಬಾಡಿಗೆಯದ್ದು ಎಂದು ಬೇರ್ಪಡಿಸಿ ಹೇಳಬಲ್ಲ ಯಂತ್ರ ಇನ್ನೂ ಹುಟ್ಟಿಲ್ಲ.

ಬ್ರಿಟನ್ನಿನಲ್ಲಿ ಪತಿಯನ್ನೋ ಪತ್ನಿಯನ್ನೋ ಕಳೆದುಕೊಂಡವರಿಗೆ ಸರ್ಕಾರ ನೀಡುವ ನೆರವು ನೂರು ವರ್ಷಗಳಲ್ಲಿ ಹಲವು ಬಾರಿ ಸುಧಾರಣೆಗೊಂಡಿದೆ. ಪ್ರತಿಯೊಂದು ಸುಧಾರಣೆಗೂ ಒಂದು ವೆಚ್ಚವಿದೆ. ಆ ವೆಚ್ಚವನ್ನು ಬೊಕ್ಕಸ ತೆರುತ್ತದೆಯೋ, ಅಥವಾ ತಂದೆಯಿಲ್ಲದ, ತಾಯಿಯಿಲ್ಲದ ಮನೆ ತೆರುತ್ತದೆಯೋ ಎಂಬುದೇ ಇಂದಿನ ಉಪನ್ಯಾಸದ ಪ್ರಶ್ನೆ.

ಮೊದಲಿಗೆ ಸ್ವಲ್ಪ ಚರಿತ್ರೆ. 1925ರ ಕಾಯಿದೆಯೊಂದು ಈ ದೇಶದಲ್ಲಿ ಮೊಟ್ಟಮೊದಲ ಬಾರಿಗೆ ವಂತಿಗೆಯ ಆಧಾರದ ಮೇಲೆ ವಿಧವೆಯರಿಗೆ ವೇತನವನ್ನು ಗೊತ್ತುಮಾಡಿತು. ಪತಿ ಬದುಕಿದ್ದಾಗ ಕಟ್ಟಿದ ವಂತಿಗೆಗೆ ಪ್ರತಿಯಾಗಿ ವಿಧವೆಗೆ ವಾರಕ್ಕೆ 10 ಷಿಲಿಂಗ್, ಮೊದಲ ಮಗುವಿಗೆ 5 ಷಿಲಿಂಗ್, ಉಳಿದ ಪ್ರತಿ ಮಗುವಿಗೆ 3 ಷಿಲಿಂಗ್. ನಮ್ಮ ಹಿರಿಯರು ಮಾಸಾಶನವೆಂದು ಕರೆಯುತ್ತಿದ್ದುದಕ್ಕೆ ಇದು ಹತ್ತಿರದ್ದು. ಆದರೆ ಭಾವಮೈದುನರ ದಯೆಯಿಂದ ಬಂದದ್ದಲ್ಲ, ಕಾಯಿದೆಯ ಹಕ್ಕಾಗಿ ಬಂದದ್ದು. 1942ರಲ್ಲಿ ಬೆವರಿಜ್ ವರದಿ ಹೊರಬಂದಿತು. ದುಡಿಯಲು ಶಕ್ತಳಾದ, ಮಕ್ಕಳಿಲ್ಲದ ವಿಧವೆಗೆ ಜೀವನಪರ್ಯಂತ ವೇತನ ಅನಗತ್ಯವೆಂದೂ, ಮಕ್ಕಳನ್ನು ಸಾಕುತ್ತಿರುವ ತಾಯಿಗೆ ಆ ಹೊಣೆ ಇರುವವರೆಗೆ ನೆರವು ಬೇಕೆಂದೂ ಬೆವರಿಜ್ ವಾದಿಸಿದರು. 1946ರ ಕಾಯಿದೆಯಡಿ 1948ರ ಜುಲೈ 5ರಂದು ಜಾರಿಗೆ ಬಂದ ವ್ಯವಸ್ಥೆ ಈ ಎರಡನ್ನೂ ಬೇರೆ ಬೇರೆಯಾಗಿಯೇ ಕಂಡಿತು: ಸಾವಿನ ಆಘಾತಕ್ಕೆ 13 ವಾರಗಳ ಭತ್ಯೆ, ಮಗುವಿನ ಪಾಲನೆಗೆ ಮಗು ಬೆಳೆಯುವವರೆಗಿನ ಭತ್ಯೆ.

ಈ ವಿಂಗಡಣೆಯನ್ನು ತಾವು ನೆನಪಿನಲ್ಲಿಡಬೇಕೆಂದು ಕೋರುತ್ತೇವೆ. ಸಾವು ಸಂಭವಿಸಿದ ಮನೆಯಲ್ಲಿ ಎರಡು ಗಡಿಯಾರಗಳು ನಡೆಯುತ್ತಿರುತ್ತವೆ. ಒಂದು ದುಃಖದ ಗಡಿಯಾರ, ಇನ್ನೊಂದು ಮಗುವಿನ ಗಡಿಯಾರ. ದುಃಖದ ಗಡಿಯಾರದ ಬಗ್ಗೆ ವೈದ್ಯಶಾಸ್ತ್ರ ಒಂದಿಷ್ಟು ಅರಿತಿದೆ. 1963ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು 55 ವರ್ಷ ದಾಟಿದ 4,486 ವಿಧುರರನ್ನು ಗಮನಿಸಿ, ಪತ್ನಿ ತೀರಿಕೊಂಡ ಮೊದಲ ಆರು ತಿಂಗಳಲ್ಲಿ ಅವರ ಮರಣ ಪ್ರಮಾಣವು ಅದೇ ವಯಸ್ಸಿನ ವಿವಾಹಿತರಿಗಿಂತ ಶೇಕಡಾ 40ರಷ್ಟು ಹೆಚ್ಚಿತ್ತೆಂದು ತೋರಿಸಿತು. ಆಮೇಲಿನ ವರ್ಷಗಳಲ್ಲಿ ಈ ಏರಿಕೆ ಕ್ರಮೇಣ ಇಳಿಯುತ್ತದೆ. ಹೀಗೆ ಮೊದಲ ಆರು ತಿಂಗಳು, ಒಂದು ವರ್ಷ ಅತ್ಯಂತ ಅಪಾಯದ ಕಾಲ. ಮಗುವಿನ ಗಡಿಯಾರವಾದರೋ ಬೇರೆಯ ವೇಗದ್ದು. ಆರು ವರ್ಷದ ಮಗು ಹದಿನಾರು ತಲುಪಲು ಹತ್ತು ವರ್ಷವೇ ಬೇಕು. ತಾಯಿಯ ಕಣ್ಣೀರು ಒಣಗಿದ ಮಾತ್ರಕ್ಕೆ ಮಗುವಿನ ಪಾದರಕ್ಷೆಯ ಅಳತೆ ನಿಲ್ಲುವುದಿಲ್ಲ.

ಇನ್ನು ಸುಧಾರಣೆಗಳ ಹಾದಿಯನ್ನು ನೋಡೋಣ. ಮೊದಲು ವಿಧವೆ ದುಡಿದು ಸಂಪಾದಿಸಿದರೆ ಆಕೆಯ ವೇತನದಲ್ಲಿ ಕಡಿತವಾಗುತ್ತಿತ್ತು. ಆ ನಿಯಮವನ್ನು 1964ರ ಕಾಯಿದೆ ತೆಗೆದುಹಾಕಿತು. ಇದೊಂದು ನಿಜವಾದ ಔದಾರ್ಯ. ಆದರೆ ಮುಂದಿನ ದೊಡ್ಡ ಬದಲಾವಣೆಗಳಲ್ಲಿ ಒಂದು ವಿಚಿತ್ರ ಲಯ ಕಾಣುತ್ತದೆ. 1999ರ ಕಾಯಿದೆಯನ್ನು ಅನುಸರಿಸಿ 2001ರ ಏಪ್ರಿಲಿನಿಂದ ಪುರುಷರಿಗೂ ಈ ನೆರವು ದೊರೆಯುವಂತಾಯಿತು. ಪತ್ನಿಯನ್ನು ಕಳೆದುಕೊಂಡು ಮಕ್ಕಳನ್ನು ಸಾಕುವ ತಂದೆಗೆ ಏನೂ ಇಲ್ಲವೆಂಬ ಅನ್ಯಾಯ ತಪ್ಪಿತು. ಆರಂಭದ ಇಡಿಗಂಟು 1,000 ಪೌಂಡಿನಿಂದ 2,000ಕ್ಕೆ ಏರಿತು. ಆದರೆ ಅದೇ ಕೈಯಲ್ಲಿ, 45 ದಾಟಿದ ಮಕ್ಕಳಿಲ್ಲದ ವಿಧವೆಗೆ ನಿವೃತ್ತಿಯ ವಯಸ್ಸಿನವರೆಗೆ ಬರುತ್ತಿದ್ದ ವೇತನವು ಹೊಸಬರ ಪಾಲಿಗೆ 52 ವಾರಕ್ಕೆ ಮೊಟಕಾಯಿತು. ಬಾಗಿಲು ಅಗಲವಾಯಿತು, ಪಡಸಾಲೆ ಕಿರಿದಾಯಿತು. ಬಾಗಿಲನ್ನು ಅಗಲಿಸಿದ ಖರ್ಚನ್ನು ಪಡಸಾಲೆಯಲ್ಲಿ ಕುಳಿತವರೇ ಕೊಟ್ಟಂತಾಯಿತು.

ಎರಡನೆಯ ದೊಡ್ಡ ಬದಲಾವಣೆ 2014ರ ಪಿಂಚಣಿ ಕಾಯಿದೆಯ ಫಲವಾಗಿ 2017ರ ಏಪ್ರಿಲ್ 6ರಿಂದ ಜಾರಿಗೆ ಬಂದದ್ದು. ಅಂದಿನಿಂದ ಎಲ್ಲ ಹಳೆಯ ಭತ್ಯೆಗಳ ಬದಲಿಗೆ ‘ಬಿರೀವ್‌ಮೆಂಟ್ ಸಪೋರ್ಟ್ ಪೇಮೆಂಟ್’ ಎಂಬ ಒಂದೇ ನೆರವು. ಮಕ್ಕಳಿರುವವರಿಗೆ 3,500 ಪೌಂಡ್ ಇಡಿಗಂಟು, ಆಮೇಲೆ ತಿಂಗಳಿಗೆ 350 ಪೌಂಡಿನಂತೆ 18 ತಿಂಗಳು. ಮಕ್ಕಳಿಲ್ಲದವರಿಗೆ 2,500 ಪೌಂಡ್ ಇಡಿಗಂಟು, ತಿಂಗಳಿಗೆ 100 ಪೌಂಡಿನಂತೆ 18 ತಿಂಗಳು. ಇದರ ಹಿಂದಿನ ತರ್ಕ ಹೀಗಿತ್ತು: ಸಾವು ತಂದ ತಕ್ಷಣದ ಖರ್ಚಿಗೆ ಈ ಹಣ, ದೀರ್ಘಕಾಲದ ಜೀವನೋಪಾಯಕ್ಕೆ ಆದಾಯ ನೋಡಿ ಕೊಡುವ ಯೂನಿವರ್ಸಲ್ ಕ್ರೆಡಿಟ್ ಇದೆ. ಅಂದರೆ, ದುಃಖದ ಗಡಿಯಾರವನ್ನು ಗೋಡೆಯ ಮೇಲೆ ಉಳಿಸಿಕೊಂಡು ಮಗುವಿನ ಗಡಿಯಾರವನ್ನು ಇಳಿಸಿಡಲಾಯಿತು.

‘ಹೊಳೆಗೆ ಹಾಕಿದರೂ ಅಳೆದು ಹಾಕು’ ಎಂಬುದು ನಮ್ಮ ಗಾದೆ. ಆದ್ದರಿಂದ ಅಳೆದೇ ನೋಡೋಣ. ಹಳೆಯ ಪದ್ಧತಿಯಲ್ಲಿ ಮಕ್ಕಳಿರುವವರಿಗೆ ಸಿಗುತ್ತಿದ್ದ ‘ವಿಡೋಡ್ ಪೇರೆಂಟ್ಸ್ ಅಲೋಯನ್ಸ್’ 2016–17ರಲ್ಲಿ ಗರಿಷ್ಠವೆಂದರೆ ವಾರಕ್ಕೆ 112 ಪೌಂಡ್ 55 ಪೆನ್ಸ್. ಜೊತೆಗೆ 2,000 ಪೌಂಡ್ ಇಡಿಗಂಟು. ಹೊಸ ಪದ್ಧತಿಯಲ್ಲಿ ಒಟ್ಟು ಮೊತ್ತ 3,500 ಮತ್ತು 6,300 ಸೇರಿ 9,800 ಪೌಂಡ್. ಹಳೆಯ ಪದ್ಧತಿಯಲ್ಲಿ ಅಷ್ಟೇ ಹಣ ಕೈಸೇರಲು ಸುಮಾರು 70 ವಾರ, ಅಂದರೆ 16 ತಿಂಗಳು ಸಾಕಾಗಿತ್ತು. ಆಮೇಲೆ ಬಂದದ್ದೆಲ್ಲ ಹೆಚ್ಚುವರಿ. ಆರು ವರ್ಷದ ಮಗುವಿರುವ ತಾಯಿಯನ್ನು ಊಹಿಸಿಕೊಳ್ಳಿ. ಮಗುವಿಗೆ ಹದಿನಾರು ತುಂಬುವವರೆಗೆ ಹತ್ತು ವರ್ಷದಲ್ಲಿ, ಬೆಲೆಯೇರಿಕೆಗೆ ತಕ್ಕ ಹೆಚ್ಚಳವನ್ನು ಬಿಟ್ಟರೂ, ಆಕೆಗೆ 60,500 ಪೌಂಡಿನಷ್ಟು ಸಿಗುತ್ತಿತ್ತು. ವಾರದ ಭತ್ಯೆಗೆ ತೆರಿಗೆ ಇತ್ತು. ಶೇಕಡಾ 20ರಂತೆ ಅದನ್ನು ಕಳೆದರೂ 48,800 ಪೌಂಡ್ ಉಳಿಯುತ್ತಿತ್ತು. ಈಗಿನದು 9,800. ಮಗು ಚಿಕ್ಕದಾದಷ್ಟೂ ನಷ್ಟ ದೊಡ್ಡದು. ಪತಿ 2017ರ ಏಪ್ರಿಲ್ 5ರಂದು ತೀರಿಕೊಂಡಿದ್ದರೆ ಹಳೆಯ ಲೆಕ್ಕ, ಮರುದಿನ ತೀರಿಕೊಂಡಿದ್ದರೆ ಹೊಸ ಲೆಕ್ಕ. ಒಂದೇ ಬೀದಿಯ ಎರಡು ಮನೆಗಳ ನಡುವೆ ಒಂದು ರಾತ್ರಿಯ ಅಂತರ ಹತ್ತು ವರ್ಷದ ಅಂತರವಾಯಿತು.

ಹಾಗೆಂದು ಈ ಸುಧಾರಣೆಯಲ್ಲಿ ಗುಣವೇ ಇಲ್ಲವೆಂದರೆ ನ್ಯಾಯವಾಗದು. ಹೊಸ ನೆರವಿಗೆ ತೆರಿಗೆಯಿಲ್ಲ. ಯೂನಿವರ್ಸಲ್ ಕ್ರೆಡಿಟ್ ಪಡೆಯುವ ಬಡ ಕುಟುಂಬಕ್ಕೆ ಹಳೆಯ ಭತ್ಯೆಯನ್ನು ಆದಾಯವೆಂದು ಎಣಿಸಿ ಅಷ್ಟನ್ನು ಕಳೆಯುತ್ತಿದ್ದರು. ಹೊಸದನ್ನು ಹಾಗೆ ಎಣಿಸುವುದಿಲ್ಲ. ಆದ್ದರಿಂದ ಕಡು ಬಡವರಿಗೆ ಆ 18 ತಿಂಗಳು ನಿಜವಾಗಿಯೂ ಅನುಕೂಲವಾದವು. ಹಳೆಯ ಭತ್ಯೆ ಮರುಮದುವೆಯಾದರೆ ನಿಲ್ಲುತ್ತಿತ್ತು, ಮತ್ತೊಬ್ಬರೊಡನೆ ಸಂಸಾರ ಹೂಡಿದರೂ ನಿಲ್ಲುತ್ತಿತ್ತು. ಹೊಸದಕ್ಕೆ ಆ ನಿರ್ಬಂಧವಿಲ್ಲ. ವಿಧವೆಯ ಮನೆಗೆ ಯಾರು ಬಂದು ಹೋಗುತ್ತಾರೆಂದು ನೆರೆಹೊರೆಯವರು ಕಣ್ಣಿಡುವುದು ನಮ್ಮ ಸಮಾಜಕ್ಕೆ ಹೊಸತಲ್ಲ; ಸರ್ಕಾರವಾದರೂ ಆ ಕೆಲಸ ಬಿಟ್ಟದ್ದು ಒಳ್ಳೆಯದೇ. ವಂತಿಗೆಯ ಷರತ್ತೂ ಸಡಿಲಗೊಂಡಿತು. ಮೊದಲೆರಡು ವರ್ಷ ಬೊಕ್ಕಸಕ್ಕೆ ಖರ್ಚು ಹೆಚ್ಚಾಗಿ, ಆಮೇಲೆ ಉಳಿತಾಯವಾಗುವಂತೆ ಯೋಜನೆ ರೂಪುಗೊಂಡಿತ್ತು. ಈ ಉಳಿತಾಯ ಎಲ್ಲಿಂದ ಬಂದಿತೆಂಬುದನ್ನು ಮೇಲಿನ ಲೆಕ್ಕವೇ ಹೇಳುತ್ತದೆ: ಚಿಕ್ಕ ಮಕ್ಕಳಿರುವ, ಯೂನಿವರ್ಸಲ್ ಕ್ರೆಡಿಟ್‌ಗೆ ಅರ್ಹವಾಗದಷ್ಟು ಸಂಪಾದನೆಯುಳ್ಳ ದಾದಿಯರ, ಉಪಾಧ್ಯಾಯರ, ಗುಮಾಸ್ತರ ಮನೆಗಳಿಂದ.

ಮೂರನೆಯ ಬದಲಾವಣೆ ನ್ಯಾಯಾಲಯದ ಬಾಗಿಲಿನಿಂದ ಬಂದಿತು. ಉತ್ತರ ಐರ್ಲೆಂಡಿನ ಶಿವಾನ್ ಮೆಕ್‌ಲಾಕ್ಲಿನ್ ಎಂಬ ಮಹಿಳೆ ತಮ್ಮ ಸಂಗಾತಿಯೊಂದಿಗೆ 23 ವರ್ಷ ಬಾಳಿ ನಾಲ್ವರು ಮಕ್ಕಳನ್ನು ಪಡೆದಿದ್ದರು. ಮರುಮದುವೆಯಾಗುವುದಿಲ್ಲವೆಂದು ಆತ ತನ್ನ ಮೊದಲ ಪತ್ನಿಗೆ ಮಾತು ಕೊಟ್ಟಿದ್ದರಿಂದ ಇವರಿಬ್ಬರೂ ವಿವಾಹವಾಗಿರಲಿಲ್ಲ. 2014ರ ಜನವರಿಯಲ್ಲಿ ಆತ ತೀರಿಕೊಂಡಾಗ, ಮದುವೆಯಾಗಿರಲಿಲ್ಲವೆಂಬ ಕಾರಣಕ್ಕೆ ಭತ್ಯೆ ನಿರಾಕರಿಸಲ್ಪಟ್ಟಿತು. 2018ರ ಆಗಸ್ಟ್ 30ರಂದು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ ಇದು ಮಾನವ ಹಕ್ಕುಗಳಿಗೆ ಹೊಂದುವುದಿಲ್ಲವೆಂದು ತೀರ್ಪಿತ್ತಿತು. ಈ ಭತ್ಯೆ ಮಕ್ಕಳ ಹಿತಕ್ಕಾಗಿ ಇರುವುದು, ತಂದೆತಾಯಿ ಮದುವೆಯಾಗಿದ್ದರೋ ಇಲ್ಲವೋ ಎಂಬುದರಿಂದ ಮಗುವಿನ ಅಗತ್ಯ ಬದಲಾಗದು ಎಂಬುದೇ ಅದರ ತಿರುಳು. ಕಾನೂನು ತಿದ್ದುಪಡಿಯಾಗಿ ಜಾರಿಗೆ ಬರಲು 2023ರ ಫೆಬ್ರವರಿ 9ರವರೆಗೆ ಕಾಯಬೇಕಾಯಿತು. ತೀರ್ಪಿನ ದಿನದಿಂದ ಪೂರ್ವಾನ್ವಯವಾಗಿ, ಮದುವೆಯಿಲ್ಲದೆ ಒಟ್ಟಿಗೆ ಬಾಳಿದ ತಂದೆತಾಯಿಯರಿಗೂ ನೆರವು ದೊರೆಯಿತು. ಬಾಗಿಲು ಮತ್ತೊಮ್ಮೆ ಅಗಲವಾಯಿತು. ಆದರೆ 18 ತಿಂಗಳ ಮಿತಿ ಹಾಗೆಯೇ ಉಳಿಯಿತು. ಅಷ್ಟೇ ಅಲ್ಲ, 2017ರಲ್ಲಿ ಗೊತ್ತಾದ 350 ಪೌಂಡ್ 2025–26ರಲ್ಲಿಯೂ 350 ಪೌಂಡಾಗಿಯೇ ಇತ್ತು. ಹಾಲು, ಬ್ರೆಡ್ಡು, ಬಾಡಿಗೆ, ವಿದ್ಯುತ್ತುಗಳ ಬೆಲೆ ಈ ನಡುವೆ ಎಲ್ಲಿಗೆ ಹೋಯಿತೆಂಬುದನ್ನು ಮನೆ ನಡೆಸುವ ತಮಗೆ ನಾವು ಹೇಳಬೇಕಿಲ್ಲ. ಮೊತ್ತವನ್ನು ಏರಿಸದೆ ಬಿಡುವುದೂ ಒಂದು ಬಗೆಯ ಕಡಿತವೇ. ಅದಕ್ಕೆ ಯಾವ ಮಸೂದೆಯೂ ಬೇಕಾಗುವುದಿಲ್ಲ.

ಈಗ ನಮ್ಮ ಮನೆಗಳ ಮಾತಿಗೆ ಬರೋಣ. ‘ಕಾಸಿಗೆ ತಕ್ಕ ಕಜ್ಜಾಯ’ ಎಂಬಂತೆ ಈ ನೆರವು ವಂತಿಗೆಗೆ ಕಟ್ಟುಬಿದ್ದಿದೆ. ಗಮನಿಸಬೇಕಾದದ್ದು, ವಂತಿಗೆ ತೀರಿಕೊಂಡವರದು, ಉಳಿದವರದಲ್ಲ. ತೀರಿಕೊಂಡವರು ಯಾವುದಾದರೂ ಒಂದು ತೆರಿಗೆ ವರ್ಷದಲ್ಲಿ ಕನಿಷ್ಠ ಗಳಿಕೆಯ ಮಿತಿಯ 25 ಪಟ್ಟು ಸಂಪಾದನೆಯ ಮೇಲೆ ನ್ಯಾಷನಲ್ ಇನ್ಷೂರೆನ್ಸ್ ಕಟ್ಟಿದ್ದರೆ ಸಾಕು. 2025–26ರ ಲೆಕ್ಕದಲ್ಲಿ ಆ ಮಿತಿ ವಾರಕ್ಕೆ 125 ಪೌಂಡ್. ಎಂದರೆ ವರ್ಷದಲ್ಲಿ 3,125 ಪೌಂಡ್. ಷರತ್ತು ಸುಲಭವೆಂದೇ ತೋರುತ್ತದೆ. ಆದರೆ ನಮ್ಮ ಅನೇಕ ಮನೆಗಳಲ್ಲಿ ಪತಿಯ ಉದ್ಯೋಗಕ್ಕಾಗಿ ಜೊತೆಯಲ್ಲಿ ಬಂದು, ಮಕ್ಕಳನ್ನೂ ಮನೆಯನ್ನೂ ನೋಡಿಕೊಂಡು, ಇಲ್ಲಿ ಒಂದು ದಿನವೂ ಸಂಬಳಕ್ಕೆ ದುಡಿಯದ ಗೃಹಿಣಿಯರಿದ್ದಾರೆ. ಅಂಥ ತಾಯಿ ತೀರಿಕೊಂಡರೆ ಪತಿಗೂ ಮಕ್ಕಳಿಗೂ ಈ ನೆರವಿನಿಂದ ಒಂದು ಪೆನ್ನಿಯೂ ಬಾರದು. ಮಗುವನ್ನು ಶಾಲೆಗೆ ಬಿಟ್ಟು ಕರೆತರುವವರಿಲ್ಲದೆ ತಂದೆ ಕೆಲಸದ ಅವಧಿಯನ್ನು ಕಡಿತಗೊಳಿಸಿಕೊಳ್ಳಬೇಕಾಗುತ್ತದೆ. ತಾಯಿಯ ದುಡಿಮೆಗೆ ಬೆಲೆ ಎಷ್ಟಿತ್ತೆಂಬುದು ಆಗ ತಿಳಿಯುತ್ತದೆ. ಆದರೆ ಕಾಯಿದೆಯ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ.

ಎರಡನೆಯದು ವಲಸೆಯ ಷರತ್ತು. ವೀಸಾದ ಮೇಲೆ ಇರುವ ಬಹುತೇಕ ಕುಟುಂಬಗಳಿಗೆ ‘ಸಾರ್ವಜನಿಕ ನಿಧಿ’ಯ ನಿಷೇಧವಿದೆ. ವಂತಿಗೆಯ ಆಧಾರದ ನೆರವಾದ್ದರಿಂದ ಬಿರೀವ್‌ಮೆಂಟ್ ಸಪೋರ್ಟ್ ಪೇಮೆಂಟ್ ಆ ನಿಷೇಧದ ಪಟ್ಟಿಯಲ್ಲಿಲ್ಲ; ಅದನ್ನು ಕೇಳಿದರೆ ವೀಸಾಕ್ಕೆ ಕುತ್ತು ಬಂದೀತೆಂದು ಯಾರೂ ಹೆದರಬೇಕಾಗಿಲ್ಲ. ಆದರೆ ಮಕ್ಕಳಿರುವವರ ಮೇಲಿನ ದರವನ್ನು ಚೈಲ್ಡ್ ಬೆನಿಫಿಟ್‌ನ ಅರ್ಹತೆಗೆ ಗಂಟುಹಾಕಲಾಗಿದೆ, ಮತ್ತು ಚೈಲ್ಡ್ ಬೆನಿಫಿಟ್ ನಿಷೇಧದ ಪಟ್ಟಿಯಲ್ಲಿದೆ. ಹೀಗಾಗಿ ಅಂಥ ವೀಸಾದ ಮೇಲಿರುವ ತಾಯಿ, ಮಗುವಿದ್ದರೂ, ಕೆಳಗಿನ ದರಕ್ಕೆ ಇಳಿಯುತ್ತಾಳೆ: ಒಟ್ಟು 4,300 ಪೌಂಡ್. 18 ತಿಂಗಳಾದ ಮೇಲೆ ಯೂನಿವರ್ಸಲ್ ಕ್ರೆಡಿಟ್ ಇದೆಯೆಂಬ ಸಮಾಧಾನವೂ ಆಕೆಗಿಲ್ಲ, ಏಕೆಂದರೆ ಅದೂ ನಿಷಿದ್ಧ. ವಂತಿಗೆಯ ದೀರ್ಘಕಾಲದ ನೆರವನ್ನು ತೆಗೆದು ಆದಾಯ ನೋಡಿ ಕೊಡುವ ನೆರವಿಗೆ ಜನರನ್ನು ದಾಟಿಸಿದಾಗ, ಆ ದೋಣಿ ಹತ್ತಲು ಅನುಮತಿಯೇ ಇಲ್ಲದವರು ದಡದಲ್ಲಿ ಉಳಿದರು. ಅವರ ಪತಿ ಕಟ್ಟಿದ ವಂತಿಗೆ ಮಾತ್ರ ಬೇರೆಯವರು ಕಟ್ಟಿದಷ್ಟೇ.

ಮೂರನೆಯದು ವಾಸಸ್ಥಳ. ಸಾವು ಸಂಭವಿಸಿದ ದಿನ ಉಳಿದ ಸಂಗಾತಿ ಬ್ರಿಟನ್ನಿನಲ್ಲಿಯೋ ಕಾಯಿದೆ ಹೆಸರಿಸಿದ ಪ್ರದೇಶದಲ್ಲಿಯೋ ವಾಸವಾಗಿರಬೇಕು. ಭಾರತ ಆ ಪ್ರದೇಶಗಳಲ್ಲಿ ಸೇರಿಲ್ಲ. ಪತಿ ಇಲ್ಲಿ ದುಡಿಯುತ್ತ, ಪತ್ನಿ ಮಕ್ಕಳೊಡನೆ ಮೈಸೂರಿನಲ್ಲೋ ದಾವಣಗೆರೆಯಲ್ಲೋ ಉಳಿದಿದ್ದರೆ ಈ ನೆರವು ಕೈಗೆ ಸಿಗದು. ನಾಲ್ಕನೆಯದು ವಿವಾಹದ ನೋಂದಣಿ. ಭಾರತದಲ್ಲಿ ಕಾನೂನುಬದ್ಧವಾಗಿ ಆದ ಮದುವೆಗೆ ಇಲ್ಲಿ ಮಾನ್ಯತೆಯುಂಟು. ಆದರೆ ಇಲ್ಲಿನ ದೇವಸ್ಥಾನದಲ್ಲಿ ಮಾಂಗಲ್ಯಧಾರಣೆ, ಸಪ್ತಪದಿ ಎಲ್ಲವನ್ನೂ ಶಾಸ್ತ್ರೋಕ್ತವಾಗಿ ನಡೆಸಿ, ನೋಂದಣಿಯನ್ನು ಆಮೇಲೆ ನೋಡಿಕೊಳ್ಳೋಣವೆಂದು ಬಿಟ್ಟವರು ಕಾಯಿದೆಯ ಕಣ್ಣಿಗೆ ಮದುವೆಯಾದವರಲ್ಲ. 2023ರ ತಿದ್ದುಪಡಿ ಅವರಿಗೆ ಮಕ್ಕಳಿದ್ದರೆ ಮಾತ್ರ ರಕ್ಷೆ ಕೊಡುತ್ತದೆ. ಮಕ್ಕಳಿಲ್ಲದಿದ್ದರೆ ಏನೂ ಇಲ್ಲ.

ಕೊನೆಯದು ಅವಧಿಯ ಮಾತು. ಮರಣವನ್ನು ನೋಂದಾಯಿಸುವಾಗ ರಿಜಿಸ್ಟ್ರಾರ್ ‘ಟೆಲ್ ಅಸ್ ಒನ್ಸ್’ ಎಂಬ ವ್ಯವಸ್ಥೆಯನ್ನು ತಿಳಿಸುತ್ತಾರೆ. ಅದು ಹಲವು ಸರ್ಕಾರಿ ಇಲಾಖೆಗಳಿಗೆ ಸುದ್ದಿ ಮುಟ್ಟಿಸುತ್ತದೆಯೇ ಹೊರತು ಈ ನೆರವಿಗೆ ಅರ್ಜಿ ಹಾಕುವುದಿಲ್ಲ. ಅರ್ಜಿಯನ್ನು ಬೇರೆಯಾಗಿಯೇ ಸಲ್ಲಿಸಬೇಕು. ಮೂರು ತಿಂಗಳೊಳಗೆ ಸಲ್ಲಿಸಿದರೆ ಪೂರ್ಣ ಮೊತ್ತ. ತಡವಾದಷ್ಟೂ ತಿಂಗಳ ಕಂತುಗಳು ಕರಗುತ್ತವೆ. ಒಂದು ವರ್ಷ ದಾಟಿದರೆ ಇಡಿಗಂಟೂ ಹೋಗುತ್ತದೆ. ಅಸ್ಥಿಯನ್ನು ಕಾವೇರಿಯಲ್ಲಿ ಬಿಡಲು ಊರಿಗೆ ಹೋಗಿ, ವರ್ಷಾಂತಿಕ ಮುಗಿಸಿಯೇ ಹಿಂದಿರುಗುವವರು ನಮ್ಮಲ್ಲಿ ವಿರಳವಲ್ಲ. ಅಂಥವರಿಗೆ ಮೊದಲ ವಾರದಲ್ಲೇ ಈ ಮಾತನ್ನು ಹೇಳುವುದು ಬಂಧುಗಳ, ಮಿತ್ರರ ಕರ್ತವ್ಯ. ಶೋಕದ ಮನೆಯಲ್ಲಿ ಹಣದ ಮಾತು ಹೇಗೆ ಎತ್ತುವುದೆಂಬ ಸಂಕೋಚ ಸಹಜವೇ. ಅಡಿಗೆ ಮಾಡಿಕೊಂಡು ಹೋಗಿ ಕೊಡುವ ಕೈಯೇ ಅರ್ಜಿಯ ನಮೂನೆಯನ್ನೂ ತುಂಬಿಕೊಟ್ಟರೆ ಅದರಲ್ಲಿ ಅಪಚಾರವೇನೂ ಇಲ್ಲ.

ಹಾಗಾದರೆ ಆಗಬೇಕಾದದ್ದೇನು? ತಿಂಗಳ ಮೊತ್ತ ಚಿಕ್ಕದಾದರೂ ಸರಿಯೇ, ಮಗು ಶಾಲೆ ಬಿಡುವವರೆಗೆ ಅದು ಬರಬೇಕು. ಬೆಲೆಯೇರಿಕೆಗೆ ತಕ್ಕಂತೆ ಪ್ರತಿ ವರ್ಷ ಏರಬೇಕು. ಮನೆಯಲ್ಲಿದ್ದು ಮಕ್ಕಳನ್ನು ಸಾಕಿದ ವರ್ಷಗಳನ್ನು ಸರ್ಕಾರಿ ಪಿಂಚಣಿಗೆ ಲೆಕ್ಕ ಹಿಡಿಯುವಂತೆ ಇದಕ್ಕೂ ಹಿಡಿಯಬೇಕು. ಮಗುವಿನ ಪಾಲು ತಂದೆತಾಯಿಯ ವೀಸಾದ ಬಣ್ಣ ನೋಡಿ ಬದಲಾಗಬಾರದು. ಈ ನಾಲ್ಕಕ್ಕೂ ಹಣ ಬೇಕು, ಆ ಹಣ ವಂತಿಗೆ ಕಟ್ಟುವ ನಮ್ಮೆಲ್ಲರ ಸಂಬಳದಿಂದಲೇ ಬರಬೇಕು ಎಂಬುದನ್ನು ನಾವು ಮರೆಮಾಚುವುದಿಲ್ಲ. ಆದರೆ ವೆಚ್ಚ ಉಳಿಯಿತೆಂದು ಹೇಳುವವರನ್ನು ಒಂದು ಪ್ರಶ್ನೆ ಕೇಳುವುದು ನ್ಯಾಯ: ಅದು ನಿಜವಾಗಿ ಉಳಿಯಿತೋ, ಬೊಕ್ಕಸದ ಪುಸ್ತಕದಿಂದ ಅಳಿಸಿ ಹತ್ತು ವರ್ಷದ ಮಗುವಿರುವ ಮನೆಯ ಪುಸ್ತಕಕ್ಕೆ ಬರೆಯಲ್ಪಟ್ಟಿತೋ? ಆ ಮನೆಯ ಪುಸ್ತಕದ ಹಾಳೆಗಳನ್ನು ವೈದ್ಯರಾದ ನಾವು ನಿದ್ರಾಹೀನತೆ, ರಕ್ತದೊತ್ತಡ, ಮಕ್ಕಳ ಹೊಟ್ಟೆನೋವು ಎಂಬ ಹೆಸರಿನಲ್ಲಿ ಓದುತ್ತಿರುತ್ತೇವೆ.

ಕಾಯಿದೆಯ ತಿದ್ದುಪಡಿ ನಮ್ಮ ಕೈಯಲ್ಲಿಲ್ಲದಿದ್ದರೂ, ನಮ್ಮ ಸಂಸದರಿಗೆ ಪತ್ರ ಬರೆಯುವುದು ನಮ್ಮ ಕೈಯಲ್ಲಿದೆ. ಇಂದು ಮನೆಗೆ ಹಿಂದಿರುಗಿದ ಮೇಲೆ ತಮ್ಮ ಮತ್ತು ತಮ್ಮ ಸಂಗಾತಿಯ ನ್ಯಾಷನಲ್ ಇನ್ಷೂರೆನ್ಸ್ ದಾಖಲೆಯನ್ನು ಒಮ್ಮೆ ತೆರೆದು ನೋಡುವುದೂ, ವಿವಾಹ ನೋಂದಣಿಯ ಪತ್ರ ಎಲ್ಲಿದೆಯೆಂದು ಹುಡುಕಿಡುವುದೂ ನಮ್ಮ ಕೈಯಲ್ಲಿಯೇ ಇದೆ. ಅದು ಅಪಶಕುನವಲ್ಲ, ಮಕ್ಕಳ ಮೇಲಿನ ಪ್ರೀತಿಯ ಒಂದು ರೂಪ.